ಬೆಂಕಿ ಆರಿಸುವ ದೋಣಿ

ಹಡಗಿಗೆ ಬೆಂಕಿ ಬಿದ್ದ ವಾರ್ತೆ ರೇಡಿಯೋದಲ್ಲಿ ಬಂದಾಗಲೆಲ್ಲ ಮನೆಯ ಚಿಕ್ಕವರು ಕೇಳುವ ಪ್ರಶ್ನೆಯೊಂದುಂಟು: ಸುತ್ತಮುತ್ತ ಸಮುದ್ರದ ನೀರೇ ತುಂಬಿರುವಾಗ ಹಡಗು ಸುಟ್ಟುಹೋಗುವುದಾದರೂ ಹೇಗೆ? ದೊಡ್ಡವರು ಸಾಮಾನ್ಯವಾಗಿ ನಕ್ಕು ಸುಮ್ಮನಾಗುತ್ತಾರೆ. ಆದರೆ ಬಂದರುಗಳಲ್ಲಿ ಬಾಳು ಸವೆಸಿದ ಅಧಿಕಾರಿಗಳೂ ಎಂಜಿನಿಯರುಗಳೂ ಬಹುಕಾಲ ತಲೆಕೆಡಿಸಿಕೊಂಡದ್ದು ಇದೇ ಪ್ರಶ್ನೆಗೆ. ಅವರು ಕಂಡುಕೊಂಡ ಉತ್ತರಗಳಲ್ಲಿ ಒಂದು, ಬೆಂಕಿ ಆರಿಸುವುದಕ್ಕೆಂದೇ ಕಟ್ಟಿದ ದೋಣಿ.

ನೀರು ಹತ್ತಿರವಿದ್ದರೆ ಸಾಲದು, ಅದು ಬೆಂಕಿಯ ಬುಡಕ್ಕೆ ತಲುಪಬೇಕಷ್ಟೆ. ದೊಡ್ಡ ಹಡಗಿನ ಡೆಕ್ಕು ಸಮುದ್ರದ ಮಟ್ಟದಿಂದ ಮೂರು ನಾಲ್ಕು ಮಾಳಿಗೆಯಷ್ಟು ಎತ್ತರದಲ್ಲಿರುತ್ತದೆ. ಅಲ್ಲಿಗೆ ನೀರನ್ನು ಏರಿಸಲು ಪಂಪು ಬೇಕು, ಪಂಪು ತಿರುಗಲು ಎಂಜಿನು ನಡೆಯಬೇಕು. ಹಡಗಿನಲ್ಲಿ ಬೆಂಕಿ ಹುಟ್ಟುವುದಾದರೋ ಎಷ್ಟೋ ಸಲ ಆ ಎಂಜಿನು ಕೋಣೆಯಲ್ಲೇ. ಎಣ್ಣೆ, ಕಾದ ಕೊಳವೆ, ವಿದ್ಯುತ್ ತಂತಿ ಮೂರೂ ಒಂದೆಡೆ ಸೇರಿರುವ ಜಾಗ ಅದು. ಅಲ್ಲಿ ಬೆಂಕಿ ಹತ್ತಿತೆಂದರೆ ಮೊದಲು ನಿಲ್ಲುವುದು ನೀರೆತ್ತುವ ಪಂಪೇ. ಈ ಕಾರಣದಿಂದಲೇ ಎಂಜಿನು ಕೋಣೆಯ ಹೊರಗೆ, ಬೇರೆಯೇ ಶಕ್ತಿಯಿಂದ ನಡೆಯುವ ಇನ್ನೊಂದು ಪಂಪು ಇರಬೇಕೆಂದು ಅಂತರರಾಷ್ಟ್ರೀಯ ನಿಯಮಗಳು ವಿಧಿಸಿವೆ. ಅದೂ ಸೋತಾಗ ಹೊರಗಿನವರ ನೆರವಿಗೆ ಕಾಯದೆ ಗತ್ಯಂತರವಿಲ್ಲ.

ದೊಡ್ಡ ಹಡಗುಗಳ ಮಾತು ಹಾಗಿರಲಿ, ನಮ್ಮ ಮಂಗಳೂರಿನ ಧಕ್ಕೆಯನ್ನೇ ನೋಡೋಣ. ಜೂನ್ ೧ರಿಂದ ಜುಲೈ ೩೧ರ ತನಕ, ಅಂದರೆ ೬೧ ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷಿದ್ಧ. ಆಗ ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಕೂಡುವ ಅಳಿವೆಯ ಒಳಗೆ ಟ್ರಾಲ್ ಬೋಟುಗಳೂ ಪರ್ಸೀನ್ ಬೋಟುಗಳೂ ಮಗ್ಗುಲಿಗೆ ಮಗ್ಗುಲು ತಾಗಿಸಿಕೊಂಡು ಸಾಲುಸಾಲಾಗಿ ನಿಂತಿರುತ್ತವೆ. ದಡದಿಂದ ಹೊರಟವರು ದೋಣಿಯಿಂದ ದೋಣಿಗೆ ಕಾಲಿಡುತ್ತ ಹೊಳೆಯ ಅರ್ಧದವರೆಗೆ ನಡೆದುಹೋಗಬಹುದೇನೋ ಎನಿಸುತ್ತದೆ. ಮನುಷ್ಯನು ಹೀಗೆ ದಾಟಬಹುದಾದ ಜಾಗದಲ್ಲಿ ಬೆಂಕಿಯೂ ದಾಟಬಲ್ಲದು. ಮರದ ಅಥವಾ ಫೈಬರಿನ ಮೈ, ಟಾಂಕಿಯಲ್ಲಿ ಡೀಸಲು, ಡೆಕ್ಕಿನ ಮೇಲೆ ರಾಶಿ ಬಿದ್ದ ನೈಲಾನು ಬಲೆ, ಅಡುಗೆಗೆ ಗ್ಯಾಸಿನ ಸಿಲಿಂಡರು: ಬೆಂಕಿಗೆ ಬೇಕಾದ ಸಕಲ ಸಾಮಗ್ರಿಯೂ ಒಂದೊಂದು ದೋಣಿಯಲ್ಲೂ ಇದೆ. ಅಗ್ನಿಶಾಮಕ ದಳದ ಬಂಡಿ ಬರುವುದು ಧಕ್ಕೆಯ ಅಂಚಿನವರೆಗೆ. ಉರಿಯುತ್ತಿರುವುದು ಐದನೆಯ ಸಾಲಿನ ದೋಣಿಯಾದರೆ ನಡುವೆ ನಾಲ್ಕು ದೋಣಿಗಳ ಅಂತರವಿರುತ್ತದೆ. ೨೦೨೩ರ ನವೆಂಬರ್ ೧೩ರಂದು, ದೀಪಾವಳಿಯ ದಿನಗಳಲ್ಲಿ, ಕುಂದಾಪುರದ ಬಳಿಯ ಗಂಗೊಳ್ಳಿ ಬಂದರಿನಲ್ಲಿ ನಿಲ್ಲಿಸಿದ್ದ ಹಲವು ದೋಣಿಗಳು ಒಟ್ಟಿಗೆ ಬೆಂಕಿಗೆ ಆಹುತಿಯಾದುದನ್ನು ಕರಾವಳಿಯವರು ಮರೆತಿರಲಾರರು. ಒಂದೊಂದು ದೋಣಿಯ ಹಿಂದೆಯೂ ಬ್ಯಾಂಕಿನ ಸಾಲವುಂಟು, ಹತ್ತಾರು ಮನೆಗಳ ಅನ್ನವುಂಟು.

ಇನ್ನು ಪಂಪಿನ ವಿಚಾರ. ಪಂಪು ನೀರನ್ನು ಹೀರುತ್ತದೆ ಎಂದು ಹೇಳುವುದು ನಮ್ಮ ರೂಢಿ. ನಿಜದಲ್ಲಿ ಅದು ಕೊಳವೆಯೊಳಗಿನ ಒತ್ತಡವನ್ನು ಕಡಿಮೆ ಮಾಡುತ್ತದೆ, ಅಷ್ಟೆ. ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ವಾಯುಭಾರ. ವಾಯುಭಾರಕ್ಕೆ ನೀರನ್ನು ಹತ್ತು ಮೀಟರಿಗಿಂತ ತುಸು ಹೆಚ್ಚು ಎತ್ತುವ ತ್ರಾಣವುಂಟು, ಆದರೆ ಕಾರ್ಯತಃ ಏಳೆಂಟು ಮೀಟರು ಸಿಕ್ಕರೆ ಪುಣ್ಯ. ನಮ್ಮ ಊರಿನ ಮನೆಗಳಲ್ಲಿ ಬಾವಿಕಟ್ಟೆಯ ಮೇಲೆ ಪಂಪು ಕೂರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏಪ್ರಿಲ್ ತಿಂಗಳಲ್ಲಿ ಬಾವಿಯ ನೀರು ತಳ ಸೇರಿದಾಗ ಅದೇ ಪಂಪು ಗಾಳಿ ಹಿಡಿದು ಸುಮ್ಮನೆ ಕಿರುಚುತ್ತದೆ. ಅದನ್ನು ಬಾವಿಯೊಳಗೆ ಕೆಳಗಿಳಿಸಿ ಕೂರಿಸಿದರೆ ಮತ್ತೆ ನೀರು ಕೊಡುತ್ತದೆ. ಧಕ್ಕೆಯ ಮೇಲೆ ನಿಂತ ಅಗ್ನಿಶಾಮಕ ಬಂಡಿಗೂ ಇದೇ ಪಾಡು. ಇಳಿತದ ಹೊತ್ತಿನಲ್ಲಿ ನೀರು ದೂರ ಸರಿದಿರುತ್ತದೆ, ಕೊಳವೆಯ ಬಾಯಿಗೆ ಸಿಕ್ಕುವುದು ಕೆಸರು.

ಬೆಂಕಿ ಆರಿಸುವ ದೋಣಿಯಲ್ಲಿ ಈ ತೊಡಕಿಲ್ಲ. ಅದರ ಪಂಪು ದೋಣಿಯ ಹೊಟ್ಟೆಯಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೇ ಕೂತಿರುತ್ತದೆ. ದೋಣಿಯ ಮೈಯಲ್ಲಿ ಕೊರೆದ ದ್ವಾರದ ಕವಾಟ ತೆರೆದರೆ ಸಮುದ್ರ ತಾನಾಗಿಯೇ ಒಳಕ್ಕೆ ನುಗ್ಗುತ್ತದೆ. ನೀರು ಮುಗಿಯಿತೆಂಬ ಚಿಂತೆಯಿಲ್ಲ, ಟ್ಯಾಂಕರು ಬರಲಿಲ್ಲವೆಂಬ ತಗಾದೆಯಿಲ್ಲ. ಡೆಕ್ಕಿನ ಮೇಲೆ ಎತ್ತ ಬೇಕಾದರತ್ತ ತಿರುಗುವ ತೋಪುಗಳು ನಿಂತಿರುತ್ತವೆ. ಮಾನಿಟರ್ ಎಂಬುದು ಅವುಗಳಿಗೆ ಕಸುಬಿನವರಲ್ಲಿರುವ ಹೆಸರು. ಗುಂಡಿಗೆ ಬದಲು ಅವು ನೀರನ್ನು ಹಾರಿಸುತ್ತವೆ.

ತೋಪೆಂದ ಮೇಲೆ ಅದು ಹಿಂದಕ್ಕೆ ಒದೆಯಲೂ ಬೇಕಲ್ಲ! ಎಂಟು ವಾಯುಭಾರದ ಒತ್ತಡದಲ್ಲಿ ಮೂತಿಯಿಂದ ಹೊರಬೀಳುವ ನೀರಿನ ವೇಗ ಗಂಟೆಗೆ ೧೪೦ ಕಿಲೋಮೀಟರಿನಷ್ಟು. ನಿಮಿಷಕ್ಕೆ ಹದಿಮೂರು ಸಾವಿರ ಲೀಟರು ನೀರನ್ನು ಈ ವೇಗದಲ್ಲಿ ಒಂದೇ ದಿಕ್ಕಿಗೆ ಎಸೆದರೆ, ದೋಣಿಯನ್ನು ಎಂಟು ಒಂಬೈನೂರು ಕಿಲೋ ಭಾರದಷ್ಟು ಬಲ ಹಿಂದಕ್ಕೆ ನೂಕುತ್ತದೆ. ಲಂಗರು ಹಾಕದೆ, ಕಟ್ಟದೆ ಬಿಟ್ಟ ದೋಣಿ ತಾನು ಆರಿಸಬೇಕಾದ ಬೆಂಕಿಯಿಂದ ತಾನೇ ದೂರ ತೇಲಿಹೋಗುವುದು. ಆದ್ದರಿಂದ ಚುಕ್ಕಾಣಿ ಹಿಡಿದವನು ನೀರು ಹಾರುವಷ್ಟು ಹೊತ್ತೂ ಎಂಜಿನನ್ನು ಮುಂದಕ್ಕೆ ನಡೆಸುತ್ತ, ಗಾಳಿಯನ್ನೂ ಸೆಳೆತವನ್ನೂ ಲೆಕ್ಕ ಹಾಕುತ್ತ, ದೋಣಿಯನ್ನು ನಿಂತಲ್ಲೇ ನಿಲ್ಲಿಸಬೇಕು. ತೋಪು ಹಿಡಿದವನಿಗಿಂತ ಇವನ ಕೆಲಸವೇ ಕಠಿಣವೆಂದು ನನಗೆ ತೋರುತ್ತದೆ.

ಈ ದೋಣಿಗಳ ಕಥೆಯಲ್ಲಿ ಲಂಡನ್ನಿಗೆ ಒಂದು ಸ್ಥಾನವುಂಟು. ಥೇಮ್ಸ್ ನದಿಯ ದಡದ ಟೂಲಿ ಸ್ಟ್ರೀಟಿನಲ್ಲಿ ೧೮೬೧ರ ಜೂನ್ ೨೨ರಂದು ಉಗ್ರಾಣಗಳಿಗೆ ಬೆಂಕಿ ಹತ್ತಿತು. ಸೆಣಬು, ಹತ್ತಿ, ಸಕ್ಕರೆ, ಸಾಂಬಾರ ಪದಾರ್ಥ, ಕೊಬ್ಬು ಎಲ್ಲವೂ ಅಲ್ಲಿದ್ದವು. ನದಿಯಲ್ಲಿ ಆಗ ಇಳಿತ. ದಡದ ಪಂಪುಗಳಿಗೆ ನೀರು ಎಟುಕಲಿಲ್ಲ. ಅಗ್ನಿಶಾಮಕ ಪಡೆಯ ಮುಖ್ಯಾಧಿಕಾರಿ ಜೇಮ್ಸ್ ಬ್ರೇಡ್‌ವುಡ್ ಗೋಡೆ ಕುಸಿದು ಸತ್ತನು. ಅವನ ಸ್ಥಾನಕ್ಕೆ ಬಂದವನು ಐರ್ ಮ್ಯಾಸಿ ಷಾ. ಅವನ ಹೆಸರನ್ನಿಟ್ಟು ೧೯೩೫ರಲ್ಲಿ ಕಟ್ಟಿದ ದೋಣಿ ಲಂಡನ್ನಿನಲ್ಲಿ ಇಂದಿಗೂ ಇದೆ. ಉದ್ದ ೨೪ ಮೀಟರು, ಪಂಪಿನ ಶಕ್ತಿ ನಿಮಿಷಕ್ಕೆ ೩,೦೦೦ ಗ್ಯಾಲನ್, ಎಂದರೆ ೧೩,೬೦೦ ಲೀಟರು. ಇಳಿತದಲ್ಲೂ ದಡದ ಸಮೀಪಕ್ಕೆ ಹೋಗುವಂತೆ, ಸೇತುವೆಗಳ ಅಡಿ ನುಸುಳುವಂತೆ ಅದನ್ನು ತಗ್ಗಾಗಿ, ಹಗುರಾಗಿ ಕಟ್ಟಿದರು. ಹೀಗೆ ನೀರಿನಲ್ಲಿ ಹೆಚ್ಚು ಮುಳುಗದ ದೋಣಿಯಾದುದರಿಂದಲೇ ೧೯೪೦ರಲ್ಲಿ ಅದಕ್ಕೆ ಬೇರೊಂದು ಕರೆ ಬಂತು. ಡಂಕರ್ಕಿನ ಮರಳು ದಂಡೆಯಲ್ಲಿ ಸಿಕ್ಕಿಬಿದ್ದ ಸೈನಿಕರನ್ನು ಆಳದಲ್ಲಿ ನಿಂತ ಹಡಗುಗಳಿಗೆ ಸಾಗಿಸಲು ಅದು ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿ ಹೋಯಿತು. ೧೯೭೧ರವರೆಗೆ ಥೇಮ್ಸಿನಲ್ಲಿ ದುಡಿಯಿತು.

ಆದರೆ ಈ ಜಾತಿಯ ದೋಣಿಯ ಕೆಲಸವೆಂದರೇನು, ಅದರ ಅಪಾಯವೆಂದರೇನು ಎಂಬುದನ್ನು ತಿಳಿಯಲು ನ್ಯೂಯಾರ್ಕಿನ ಒಂದು ದೋಣಿಯ ಬಾಳನ್ನು ನೋಡಬೇಕು. ಅದರ ಹೆಸರು ಜಾನ್ ಜೆ. ಹಾರ್ವಿ.

ಹಾರ್ವಿ ಎಂಬಾತ ಆ ನಗರದ ಇಂಥದೇ ಒಂದು ದೋಣಿಯ ಚಾಲಕ. ೧೯೩೦ರಲ್ಲಿ ಮ್ಯೂನ್‌ಷೆನ್ ಎಂಬ ಜರ್ಮನ್ ಹಡಗಿನ ಬೆಂಕಿಯನ್ನು ಆರಿಸುತ್ತಿದ್ದಾಗ ಹಡಗು ಸಿಡಿದು ಪ್ರಾಣ ಕಳೆದುಕೊಂಡ. ಮರುವರ್ಷ ನೀರಿಗಿಳಿದ ಹೊಸ ದೋಣಿಗೆ ಅವನ ಹೆಸರನ್ನಿಟ್ಟರು. ಉದ್ದ ೧೩೦ ಅಡಿ, ಓಟ ೧೮ ನಾಟ್, ಪಂಪು ಮಾಡುವ ನೀರು ನಿಮಿಷಕ್ಕೆ ೧೮,೦೦೦ ಅಮೆರಿಕನ್ ಗ್ಯಾಲನ್. ನಮ್ಮ ಲೆಕ್ಕದಲ್ಲಿ ಇದು ೬೮,೦೦೦ ಲೀಟರು. ಬೇಸಗೆಯಲ್ಲಿ ನಮ್ಮ ಬೀದಿಗೆ ಬರುವ ಆರು ಸಾವಿರ ಲೀಟರಿನ ನೀರಿನ ಟ್ಯಾಂಕರನ್ನು ನೆನೆದುಕೊಳ್ಳಿ. ಅಂಥ ಹನ್ನೊಂದು ಟ್ಯಾಂಕರುಗಳನ್ನು ಒಂದೇ ನಿಮಿಷದಲ್ಲಿ ಬರಿದು ಮಾಡಿದಂತೆ. ನ್ಯೂಯಾರ್ಕ್ ಅಗ್ನಿಶಾಮಕ ದಳದ ಹಿಂದಿನ ದೋಣಿಗಳೆಲ್ಲ ಉಗಿಯಿಂದ ನಡೆಯುತ್ತಿದ್ದವು. ಬೆಂಕಿ ಆರಿಸಲು ಹೋಗಬೇಕಾದ ದೋಣಿ ತನ್ನ ಒಲೆಯ ಬೆಂಕಿಯನ್ನು ಹಗಲಿರುಳೂ ಆರದಂತೆ ಕಾಯಬೇಕಿತ್ತು! ಹಾರ್ವಿಗೆ ಪೆಟ್ರೋಲು ಎಂಜಿನುಗಳನ್ನು ಕೂರಿಸಿದರು; ೧೯೫೭ರಲ್ಲಿ ಅವುಗಳ ಬದಲು ಡೀಸಲು ಎಂಜಿನುಗಳು ಬಂದವು.

೧೯೪೨ರ ಫೆಬ್ರವರಿ ೯. ನಾರ್ಮಾಂಡಿ ಎಂಬ ಫ್ರೆಂಚ್ ಪ್ರಯಾಣಿಕ ಹಡಗನ್ನು ಸೈನಿಕರ ಸಾಗಾಟಕ್ಕಾಗಿ ಮಾರ್ಪಡಿಸುವ ಕೆಲಸ ನ್ಯೂಯಾರ್ಕಿನ ಕಟ್ಟೆಯಲ್ಲಿ ನಡೆದಿತ್ತು. ಎಂಬತ್ತು ಸಾವಿರ ಟನ್ನಿಗೂ ಮಿಗಿಲಾದ, ಸಾವಿರ ಅಡಿಗೂ ಉದ್ದವಾದ ಹಡಗು. ಲೋಹ ಕತ್ತರಿಸುವಾಗ ಸಿಡಿದ ಕಿಡಿ ಜೀವರಕ್ಷಕ ಅಂಗಿಗಳ ರಾಶಿಗೆ ತಗುಲಿತು. ದಡದಿಂದ ಬಂಡಿಗಳು, ಹೊಳೆಯಿಂದ ಹಾರ್ವಿಯೂ ಅದರ ಜೊತೆಯ ದೋಣಿಗಳೂ ನೀರು ಸುರಿದವು. ಸಂಜೆಯ ಹೊತ್ತಿಗೆ ಬೆಂಕಿ ಹತೋಟಿಗೆ ಬಂತು. ಎಲ್ಲರೂ ಉಸಿರು ಬಿಟ್ಟರು. ಆದರೆ ಮೇಲಿನ ಅಂತಸ್ತುಗಳಲ್ಲಿ ನಿಂತ ನೀರು ಕೆಳಗಿಳಿಯಲಿಲ್ಲ. ಹಡಗು ಮೆಲ್ಲಮೆಲ್ಲನೆ ಒಂದು ಮಗ್ಗುಲಿಗೆ ವಾಲತೊಡಗಿತು. ನಡುರಾತ್ರಿ ದಾಟಿ, ಎರಡೂವರೆ ಗಂಟೆಯ ಮೇಲೆ, ಬೆಂಕಿಯಿಂದ ಪಾರಾದ ಆ ಹಡಗು ಕಟ್ಟೆಯ ಪಕ್ಕದಲ್ಲೇ ಉರುಳಿ ಮಲಗಿತು. ಮತ್ತೆಂದೂ ಸಮುದ್ರಕ್ಕೆ ಹೋಗಲಿಲ್ಲ.

ಇದರ ಗುಟ್ಟನ್ನು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಒಂದು ಅಗಲವಾದ ಹರಿವಾಣದಲ್ಲಿ ಎರಡು ಲೋಟ ನೀರು ಹೊಯ್ದು ಎರಡು ಕೈಯಿಂದ ಹಿಡಿದುಕೊಂಡು ನಡೆಯಿರಿ. ತುಸು ಓರೆಯಾದರೆ ಸಾಕು, ನೀರೆಲ್ಲ ತಗ್ಗಿದ ಕಡೆಗೆ ಓಡಿ ಹರಿವಾಣವನ್ನು ಇನ್ನಷ್ಟು ತಗ್ಗಿಸುತ್ತದೆ. ಅದೇ ಎರಡು ಲೋಟ ನೀರನ್ನು ಚೊಂಬಿನಲ್ಲಿ ಹಿಡಿದರೆ ಇಷ್ಟು ಹೆದರಿಕೆಯಿಲ್ಲ. ಹಡಗಿನ ಅಗಲವಾದ ಅಂತಸ್ತು ಹರಿವಾಣದಂತೆ. ಅದರಲ್ಲಿ ತುಂಬಿದ ನೀರು ಹಡಗು ವಾಲಿದತ್ತಲೇ ಹರಿದು ವಾಲಿಕೆಯನ್ನು ಬೆಳೆಸುತ್ತದೆ. ತೂಕವೂ ಅಲ್ಪವೇನಲ್ಲ. ಹಾರ್ವಿಯ ಪಂಪುಗಳು ಪೂರ್ತಿ ನಡೆದರೆ ನಿಮಿಷಕ್ಕೆ ೬೮ ಟನ್, ಗಂಟೆಗೆ ನಾಲ್ಕು ಸಾವಿರ ಟನ್ ನೀರು. ಅದಕ್ಕೇ ಇಂದು ಹಡಗಿನ ಬೆಂಕಿಯಲ್ಲಿ ಎಷ್ಟು ನೀರು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂಬ ಲೆಕ್ಕವನ್ನು ಬರೆದಿಡುವವನೊಬ್ಬನು ಇರಲೇಬೇಕು.

ಮರುವರ್ಷವೇ ಇದಕ್ಕೆ ಪ್ರತಿಯಾದ ಪ್ರಸಂಗ ನಡೆಯಿತು. ೧೯೪೩ರ ಏಪ್ರಿಲ್ ೨೪ರ ಸಂಜೆ, ನ್ಯೂಯಾರ್ಕ್ ಬಂದರಿನ ನ್ಯೂಜೆರ್ಸಿ ದಡದಲ್ಲಿ ಎಲ್ ಎಸ್ಟೆರೋ ಎಂಬ ಹಳೆಯ ಸರಕು ಹಡಗಿನ ಬಾಯ್ಲರಿನಿಂದ ಬೆಂಕಿ ಚಿಮ್ಮಿತು. ಹಡಗಿನೊಳಗೆ ೧,೩೬೫ ಟನ್ ಮದ್ದುಗುಂಡು. ಪಕ್ಕದಲ್ಲಿ ಮದ್ದುಗುಂಡಿನ ಇನ್ನೂ ಹಡಗುಗಳು, ರೈಲು ಬಂಡಿಗಳು. ತಳದ ಕವಾಟ ತೆರೆದು ಹಡಗನ್ನು ಮುಳುಗಿಸೋಣವೆಂದರೆ ಆ ಕವಾಟದ ಬಳಿಯೇ ಜ್ವಾಲೆ. ಅಧಿಕಾರಿಗಳು ಹೆಚ್ಚು ಹೊತ್ತು ಕಳೆಯಲಿಲ್ಲ. ಟಗ್ ಎಂಬ ಎಳೆಯುವ ಹಡಗುಗಳು ಅದನ್ನು ಕಟ್ಟೆಯಿಂದ ಬಿಡಿಸಿ ಬಂದರಿನ ತೆರಪಾದ ಕಡೆಗೆ ಒಯ್ದವು. ಹಾರ್ವಿಯೂ, ಫೈರ್ ಫೈಟರ್ ಎಂಬ ಇನ್ನೊಂದು ದೋಣಿಯೂ ಎರಡು ಮಗ್ಗುಲಿಗೆ ಅಂಟಿಕೊಂಡು, ಯಾವ ಗಳಿಗೆಯಲ್ಲಾದರೂ ಸಿಡಿಯಬಹುದಾದ ಆ ಹಡಗಿನ ಜೊತೆಜೊತೆಗೆ ಸಾಗುತ್ತಲೇ ಅದರ ಸರಕು ಕೋಣೆಗಳಿಗೆ ನೀರು ತುಂಬಿದವು. ಹಿಂದಿನ ವರ್ಷ ಶಾಪವಾಗಿದ್ದ ನೀರಿನ ಭಾರವೇ ಈಗ ಬೇಕಾಗಿತ್ತು. ರಾತ್ರಿ ಹತ್ತರೊಳಗೆ ಎಲ್ ಎಸ್ಟೆರೋ ಸಿಡಿಯದೆ ಮುಳುಗಿತು. ನಗರದವರಲ್ಲಿ ಬಹುಮಂದಿಗೆ ತಾವು ಎಂಥ ಗಂಡದಿಂದ ಪಾರಾದೆವೆಂಬುದು ಆಗ ಗೊತ್ತೇ ಆಗಲಿಲ್ಲ.

ಇನ್ನೊಂದು ವರ್ಷ ಕಳೆಯಿತು. ಈ ಸಲ ನಮ್ಮ ಮುಂಬಯಿ. ೧೯೪೪ರ ಏಪ್ರಿಲ್ ೧೪ರಂದು ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ನಿಂತಿತ್ತು. ಇಂಗ್ಲೆಂಡಿನಿಂದ ತಂದ ಸುಮಾರು ೧,೪೦೦ ಟನ್ ಸ್ಫೋಟಕಗಳ ಜೊತೆಗೆ ಕರಾಚಿಯಲ್ಲಿ ೮,೭೦೦ ಹತ್ತಿಯ ಬೇಲುಗಳನ್ನೂ ಎಣ್ಣೆಯ ಪೀಪಾಯಿಗಳನ್ನೂ ಅದಕ್ಕೆ ಹೇರಿದ್ದರು. ಮಧ್ಯಾಹ್ನದ ಊಟದ ಹೊತ್ತಿನ ಬಳಿಕ ಕೆಳಗಿನ ಕೋಣೆಯ ಹತ್ತಿಯಿಂದ ಹೊಗೆ ಕಂಡಿತು. ಒತ್ತಿ ಕಟ್ಟಿದ ಹತ್ತಿಯ ಬೇಲು ಬಹಳ ಮೋಸದ ವಸ್ತು. ಮೇಲೆ ಸುರಿದ ನೀರು ಜಾರಿ ಹೋಗುತ್ತದೆ, ಒಳಗಿನ ಕೆಂಡ ಜ್ವಾಲೆಯಿಲ್ಲದೆ ಬೇಯುತ್ತಲೇ ಇರುತ್ತದೆ. ೯೦೦ ಟನ್ನಿಗೂ ಹೆಚ್ಚು ನೀರು ಸುರಿದರೂ ಬೆಂಕಿಯ ಮೂಲ ಸಿಗಲಿಲ್ಲ. ಸುರಿದ ನೀರೇ ಕುದಿಯಿತು. ಹಡಗಿನ ಎಂಜಿನು ದುರಸ್ತಿಗೆ ಬಿಚ್ಚಿಟ್ಟದ್ದರಿಂದ ಅದು ತಾನಾಗಿ ಹೊರಡುವಂತಿರಲಿಲ್ಲ. ಹೊರಗೆ ಎಳೆಯುವುದೋ, ಅಲ್ಲಿಯೇ ಮುಳುಗಿಸುವುದೋ, ನೀರು ಸುರಿಯುತ್ತಲೇ ಇರುವುದೋ ಎಂಬ ಮಾತಿನಲ್ಲಿ ಹೊತ್ತು ಹೋಯಿತು. ಖಚಿತವಾದ ಅಪ್ಪಣೆಯನ್ನು ಕೊಡಬೇಕಾದವರು ಯಾರೆಂಬುದೇ ಸ್ಪಷ್ಟವಾಗಲಿಲ್ಲ. ನಾಲ್ಕು ಗಂಟೆ ಆರು ನಿಮಿಷಕ್ಕೆ ಮೊದಲ ಸ್ಫೋಟ. ಅರ್ಧ ಗಂಟೆಯೊಳಗೆ ಅದಕ್ಕಿಂತ ದೊಡ್ಡದಾದ ಎರಡನೆಯದು. ಸತ್ತವರ ಸಂಖ್ಯೆ ಎಂಟುನೂರರಿಂದ ಹದಿಮೂರು ನೂರರವರೆಗೆ ಇರಬಹುದೆಂದು ಅಂದಾಜು. ಅವರಲ್ಲಿ ೬೬ ಮಂದಿ ಅಗ್ನಿಶಾಮಕ ದಳದವರು. ಪ್ರತಿವರ್ಷ ಏಪ್ರಿಲ್ ೧೪ನ್ನು ಅಗ್ನಿಶಾಮಕ ಸೇವಾ ದಿನವೆಂದು ದೇಶದಲ್ಲೆಲ್ಲ ಆಚರಿಸುವುದು ಅವರ ನೆನಪಿಗಾಗಿ. ಕದ್ರಿಯ ಅಥವಾ ಪಾಂಡೇಶ್ವರದ ಅಗ್ನಿಶಾಮಕ ಠಾಣೆಯವರು ಆ ದಿನ ಗೌರವ ಸಲ್ಲಿಸುವುದೂ ಅವರಿಗೇ.

ಮೂರು ವರ್ಷ, ಮೂರು ಹಡಗು. ಮೂರರಲ್ಲೂ ನೀರಿಗೆ ಕೊರತೆಯಿರಲಿಲ್ಲ. ನಾರ್ಮಾಂಡಿಯಲ್ಲಿ ಎಲ್ಲಿ ನಿಲ್ಲಿಸಬೇಕೆಂಬುದು ತಿಳಿಯಲಿಲ್ಲ. ಎಲ್ ಎಸ್ಟೆರೋದಲ್ಲಿ ಹಡಗನ್ನು ಬಿಟ್ಟುಕೊಟ್ಟು ಊರನ್ನು ಉಳಿಸುವ ತೀರ್ಮಾನ ಬೇಗ ಆಯಿತು. ಮುಂಬಯಿಯಲ್ಲಿ ಆ ತೀರ್ಮಾನ ಆಗಲೇ ಇಲ್ಲ. ದೋಣಿ ಎಷ್ಟೇ ಬಲಶಾಲಿಯಾಗಿರಲಿ, ಅದಕ್ಕೆ ಅಪ್ಪಣೆ ಕೊಡುವ ಬಾಯಿ ಒಂದೇ ಆಗಿರಬೇಕು ಎಂದು ಬಂದರಿನವರು ಕಲಿತದ್ದು ಈ ಮೂರು ವರ್ಷಗಳಲ್ಲಿ.

ಹಾರ್ವಿಯ ಮಿಕ್ಕ ಕಥೆಯನ್ನು ಹೇಳಿಬಿಡುತ್ತೇನೆ. ೧೯೯೪ರಲ್ಲಿ ಅದಕ್ಕೆ ನಿವೃತ್ತಿಯಾಯಿತು. ೧೯೯೯ರಲ್ಲಿ ಹರಾಜಿಗೆ ಬಂದಾಗ ಹಳೆಯ ದೋಣಿಗಳ ಮೇಲೆ ಪ್ರೀತಿಯಿದ್ದ ಕೆಲವರು ಕೊಂಡು ದುರಸ್ತಿ ಮಾಡಿಕೊಂಡರು. ಗುಜರಿಗೆ ಹೋಗಬೇಕಾದುದನ್ನು ಹವ್ಯಾಸಕ್ಕಾಗಿ ಉಳಿಸಿಕೊಂಡರೆನ್ನಬಹುದು. ೨೦೦೧ರ ಸೆಪ್ಟೆಂಬರ್ ೧೧ರಂದು ನ್ಯೂಯಾರ್ಕಿನ ಜೋಡಿ ಗೋಪುರಗಳು ಕುಸಿದಾಗ ನೆಲದಡಿಯ ನೀರಿನ ಕೊಳವೆಗಳು ಮುರಿದು, ಬೀದಿಯ ನಲ್ಲಿಗಳಲ್ಲಿ ನೀರು ನಿಂತಿತು. ಊರಿನ ಬೆಂಕಿಗೆ ಊರಿನಲ್ಲಿ ನೀರಿಲ್ಲ! ಎಪ್ಪತ್ತು ವರ್ಷದ ಹಾರ್ವಿ ಮೊದಲು ಜನರನ್ನು ದಾಟಿಸಿತು; ಆಮೇಲೆ ಅಗ್ನಿಶಾಮಕ ದಳದ ದೋಣಿಗಳ ಜೊತೆಗೆ ದಡಕ್ಕೆ ಕಟ್ಟಿಕೊಂಡು ಹಡ್ಸನ್ ನದಿಯ ನೀರನ್ನು ೮೦ ಗಂಟೆ ಬೀದಿಗಳಿಗೆ ಪಂಪು ಮಾಡಿತು. ೧೯೮೯ರ ಭೂಕಂಪದಲ್ಲಿ ಸಾನ್‌ಫ್ರಾನ್ಸಿಸ್ಕೋ ನಗರಕ್ಕೂ ಫೀನಿಕ್ಸ್ ಎಂಬ ಇಂಥ ದೋಣಿಯೇ ಸಮುದ್ರದ ನೀರನ್ನು ಒದಗಿಸಿತ್ತು. ಬಂದರಿನ ಬೆಂಕಿದೋಣಿ ನೆಲದ ಮೇಲಿನ ಊರಿಗೂ ಆಪತ್ತಿಗೊದಗುವುದುಂಟು.

ಈಗ ನಮ್ಮ ಕಡೆಗೆ ಬರೋಣ. ಹಳೆಯ ಕಾಲದಲ್ಲಿ ಮಂಗಳೂರಿನ ಬಂದರೆಂದರೆ ಅಳಿವೆಯ ಒಳಗಿನ ಬಂದರೇ. ದೊಡ್ಡ ಹಡಗುಗಳು ಹೊರಗೆ ತೆರೆದ ಸಮುದ್ರದಲ್ಲಿ ಲಂಗರು ಹಾಕುತ್ತಿದ್ದವು, ದೋಣಿಗಳು ಸರಕನ್ನು ಹೊತ್ತು ಓಡಾಡುತ್ತಿದ್ದವು. ಪಣಂಬೂರಿನಲ್ಲಿ ಕಡಲ ದಂಡೆಯನ್ನು ಅಗೆದು ಮಾಡಿದ ನವ ಮಂಗಳೂರು ಬಂದರು ೧೯೭೪ರ ಮೇ ೪ರಂದು ದೇಶದ ಒಂಬತ್ತನೆಯ ಮಹಾ ಬಂದರೆಂದು ಘೋಷಿತವಾಯಿತು. ೧೯೭೫ರ ಜನವರಿ ೧೧ರಂದು ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಆಮೇಲೆ ತೈಲ ಶುದ್ಧೀಕರಣದ ಕಾರ್ಖಾನೆ ಬಂತು, ಅಡುಗೆ ಅನಿಲದ ಹಡಗುಗಳು ಬಂದವು. ಎಣ್ಣೆ ಬಂದ ಮೇಲೆ ಬೆಂಕಿಯ ಗುಣವೇ ಬದಲಾಗುತ್ತದೆ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದಾಗ ನೀರು ಹಾಕಬಾರದೆಂದು ಮನೆಯ ಹೆಂಗಸರಿಗೆಲ್ಲ ಗೊತ್ತು. ನೀರು ಎಣ್ಣೆಗಿಂತ ಭಾರ. ಅಡಿಗೆ ಹೋಗಿ ಕುದಿದು, ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಅದಕ್ಕೆ ಎಣ್ಣೆಯ ಬೆಂಕಿಗೆ ನೊರೆ ಬೇಕು. ತೋಪಿನ ನೀರಿಗೆ ನೊರೆ ದ್ರವವನ್ನು ಬೆರೆಸಿ ಹಾರಿಸಿದರೆ ಅದು ಕಂಬಳಿ ಹೊದಿಸಿದಂತೆ ಎಣ್ಣೆಯ ಮೇಲೆ ಹರಡಿ ಗಾಳಿಯನ್ನು ತಡೆಯುತ್ತದೆ. ಬರಿಯ ನೀರಿಗೂ ಕೆಲಸವಿಲ್ಲದಿಲ್ಲ: ಪಕ್ಕದ ಟಾಂಕಿಗಳ, ಪಕ್ಕದ ಹಡಗಿನ ಕಬ್ಬಿಣದ ಗೋಡೆಗಳು ಕಾಯದಂತೆ ಅವುಗಳ ಮೇಲೆ ಬಿಡದೆ ಸುರಿಯಬೇಕು.

ಇಂದು ತೈಲ ಬಂದರುಗಳಲ್ಲಿ ಬೆಂಕಿಗೆಂದೇ ಬೇರೆ ದೋಣಿಯನ್ನು ಸಾಕುವುದು ಕಡಿಮೆಯಾಗಿದೆ. ಹಡಗುಗಳನ್ನು ಕಟ್ಟೆಗೆ ತರುವ ಟಗ್ಗುಗಳ ಮೇಲೇ ನೀರಿನ ತೋಪುಗಳನ್ನು ಕೂರಿಸುತ್ತಾರೆ. ಇವುಗಳಿಗೆ ಅಂತರರಾಷ್ಟ್ರೀಯ ದರ್ಜೆಗಳುಂಟು. ಮೊದಲ ದರ್ಜೆಯ ಹಡಗಿಗೆ ಎರಡು ತೋಪು, ಗಂಟೆಗೆ ೨,೪೦೦ ಘನ ಮೀಟರು ನೀರು, ೧೨೦ ಮೀಟರು ದೂರಕ್ಕೆ, ೪೫ ಮೀಟರು ಎತ್ತರಕ್ಕೆ ಚಿಮ್ಮುವ ಶಕ್ತಿ ಇರಬೇಕು. ಮ್ಯಾಸಿ ಷಾದಂಥ ಮೂರು ದೋಣಿಗಳ ಬಲ ಒಂದರಲ್ಲೇ ಬಂದಂತಾಯಿತು. ತನ್ನ ಮೈಗೇ ಬಿಸಿ ತಾಗದಂತೆ ಸುತ್ತ ನೀರಿನ ತೆರೆ ಹಾಯಿಸಿಕೊಳ್ಳುವ ವ್ಯವಸ್ಥೆಯೂ ಇವುಗಳಲ್ಲಿರುತ್ತದೆ. ಎಳೆಯುವ ಹಡಗೇ ನೀರನ್ನೂ ಸುರಿಯುವುದಾದುದರಿಂದ, ಎಲ್ ಎಸ್ಟೆರೋದಲ್ಲಿ ನಾಲ್ಕಾರು ಹಡಗುಗಳು ಸೇರಿ ಮಾಡಿದ ಕೆಲಸವನ್ನು ಒಂದೆರಡೇ ಮಾಡಬಹುದು. ತೈಲ ಹಡಗುಗಳು ಕಟ್ಟೆಯಲ್ಲಿರುವಾಗ ಉಕ್ಕಿನ ತಂತಿಯ ಕುಣಿಕೆಯೊಂದನ್ನು ಹೊರಮಗ್ಗುಲಿಗೆ ಇಳಿಬಿಟ್ಟಿರುವುದು ಬಹುಕಾಲದ ರೂಢಿ. ಬೆಂಕಿ ಬಿದ್ದರೆ ಟಗ್ಗಿನವರು ಯಾರನ್ನೂ ಕಾಯದೆ ಅದನ್ನು ಕೊಕ್ಕೆಗೆ ಸಿಕ್ಕಿಸಿ ಹಡಗನ್ನು ಹೊರಗೆ ಎಳೆಯಲಿ ಎಂದು. ಹಗ್ಗವಾದರೆ ಸುಟ್ಟುಹೋಗುವುದಷ್ಟೆ.

ದೂರದ ಕಡಲಿನಲ್ಲಿ ಈ ಕೆಲಸ ಕರಾವಳಿ ರಕ್ಷಣಾ ಪಡೆಯದು. ೨೦೧೯ರ ಮಾರ್ಚ್ ೧೫ರ ರಾತ್ರಿ ಮಂಗಳೂರಿನಿಂದಾಚೆ ಸಮುದ್ರದಲ್ಲಿ ಸಾಗರ ಸಂಪದ ಎಂಬ ಸಂಶೋಧನಾ ಹಡಗಿಗೆ ಬೆಂಕಿ ಬಿತ್ತು. ನಮ್ಮ ಕಡಲಿನ ಮೀನುಗಳನ್ನೂ ಜೀವಿಗಳನ್ನೂ ೧೯೮೪ರಿಂದ ಅಧ್ಯಯನ ಮಾಡುತ್ತ ಬಂದ ಹಡಗು ಅದು. ಹದಿನಾರು ಮಂದಿ ವಿಜ್ಞಾನಿಗಳೂ ಮೂವತ್ತು ಮಂದಿ ನಾವಿಕರೂ ಅದರಲ್ಲಿದ್ದರು. ರಕ್ಷಣಾ ಪಡೆಯ ವಿಕ್ರಮ್ ಮತ್ತು ಸುಜಯ್ ಎಂಬ ಹಡಗುಗಳು ಹಾದಿ ತಿರುಗಿಸಿ ಧಾವಿಸಿ ಬೆಂಕಿಯನ್ನು ಆರಿಸಿದವು. ೪೬ ಮಂದಿಯೂ ಉಳಿದರು.

ಎಲ್ಲ ಸಲವೂ ಹೀಗಾಗುವುದಿಲ್ಲ. ೨೦೨೫ರ ಜೂನ್ ೯ರಂದು ಕೇರಳದ ಉತ್ತರ ಕರಾವಳಿಯ ಆಚೆ ವಾನ್ ಹೈ ೫೦೩ ಎಂಬ ಕಂಟೇನರು ಹಡಗಿನಲ್ಲಿ ಸ್ಫೋಟವಾಗಿ ಬೆಂಕಿ ಹತ್ತಿತು. ಕೊಲಂಬೋದಿಂದ ಮುಂಬಯಿಯ ನ್ಹಾವಾ ಶೇವಾ ಬಂದರಿಗೆ ಹೊರಟಿದ್ದ ಹಡಗು. ಇದ್ದ ೨೨ ನಾವಿಕರಲ್ಲಿ ೧೮ ಮಂದಿಯನ್ನು ನೌಕಾಪಡೆಯ ಸೂರತ್ ಹಡಗು ಆ ರಾತ್ರಿ ಪಣಂಬೂರಿಗೆ ತಂದಿಳಿಸಿತು; ಸುಟ್ಟ ಗಾಯದವರನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ನಾಲ್ವರು ಕಾಣೆಯಾದರು. ಕಂಟೇನರು ಎಂಬುದು ನಾಲ್ಕು ಕಡೆಯೂ ಮುಚ್ಚಿದ ಕಬ್ಬಿಣದ ಪೆಟ್ಟಿಗೆ. ಮುಂಬಯಿಯ ಹತ್ತಿಯ ಬೇಲಿನಂತೆ ಇದೂ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಂಥ ಪೆಟ್ಟಿಗೆಗಳು ಹತ್ತಾರು ಅಡಕಿಲಾಗಿ ನಿಂತಾಗ ನಡುವಿನದನ್ನು ತಲುಪುವುದು ಯಾವ ತೋಪಿನಿಂದಲೂ ಆಗದ ಮಾತು. ಹೊರಗಿನ ಮೈಯನ್ನು ತಣಿಸುತ್ತ, ಹಡಗು ದಡದ ಕಡೆಗೆ ತೇಲದಂತೆ ಹೊರಕ್ಕೆ ಎಳೆಯುತ್ತ ದಿನಗಳನ್ನು ತಳ್ಳಬೇಕಾಯಿತು. ವಾರಗಳು ಕಳೆದ ಮೇಲೂ ಬೆಂಕಿ ಮರುಕಳಿಸಿತು.

ಹಾಗಾದರೆ ನಮ್ಮ ಧಕ್ಕೆಗೆ ಬೇಕಾದುದು ಏನು? ಪಣಂಬೂರಿನಂಥ ಬಂದರಿನ ದೊಡ್ಡ ಟಗ್ಗು ಹೊಳೆಯೊಳಗಿನ ಮೀನುಗಾರಿಕೆ ಬಂದರಿಗೆ ಒದಗುವ ಸಾಧನವಲ್ಲ. ಅಳಿವೆಯ ಮರಳ ದಿಬ್ಬವನ್ನು ದಾಟಬೇಕು, ಸಾಲು ನಿಂತ ದೋಣಿಗಳ ನಡುವೆ ತಿರುಗಬೇಕು. ಅಲ್ಲಿಗೆ ಹೊಂದುವುದು ಮ್ಯಾಸಿ ಷಾದ ಜಾತಿ: ನೀರಿನಲ್ಲಿ ಹೆಚ್ಚು ಮುಳುಗದ, ಸಣ್ಣದಾದ, ಹೊಟ್ಟೆಯಲ್ಲಿ ಒಂದು ಗಟ್ಟಿ ಪಂಪುಳ್ಳ ದೋಣಿ. ಎಷ್ಟೋ ಸಣ್ಣ ಬಂದರುಗಳಲ್ಲಿ ಸಾಧಾರಣ ಮೋಟರು ದೋಣಿಯ ಮೇಲೆ ಇಬ್ಬರು ಹೊರಬಹುದಾದ ಪಂಪನ್ನು ಬಿಗಿದು, ನೊರೆಯ ಡಬ್ಬಗಳನ್ನು ಜೊತೆಗಿಟ್ಟು ಕೆಲಸ ಸಾಗಿಸುತ್ತಾರೆ. ಅದಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಆದರೆ ಅದನ್ನು ವಾರಕ್ಕೊಮ್ಮೆಯಾದರೂ ನಡೆಸಿ ನೋಡುವವರು ಬೇಕು, ಉಪ್ಪುನೀರು ಕುಡಿದ ಪಂಪನ್ನು ಸಿಹಿನೀರಿನಿಂದ ತೊಳೆಯುವವರು ಬೇಕು. ಇಲ್ಲವಾದರೆ ಎರಡು ಮಳೆಗಾಲದೊಳಗೆ ಅದು ತುಕ್ಕಿನ ಮುದ್ದೆ.

ದೋಣಿ ಬರುವವರೆಗೆ ಮಾಡಬಹುದಾದ ಕೆಲಸವೂ ಉಂಟು. ಸಾಲಿನ ನಡುನಡುವೆ ಒಂದು ದೋಣಿಯಷ್ಟು ತೆರಪನ್ನು ಬಿಟ್ಟು ಕಟ್ಟಿದರೆ ಬೆಂಕಿಗೆ ದಾಟಲು ಕಷ್ಟ, ನೆರವಿನ ದೋಣಿಗೆ ನುಗ್ಗಲು ಸುಲಭ. ನಿಷೇಧದ ತಿಂಗಳುಗಳಲ್ಲಿ ಗ್ಯಾಸಿನ ಸಿಲಿಂಡರನ್ನು ದಡಕ್ಕೆ ಒಯ್ದಿಡಬಹುದು. ಉರಿಯುವ ದೋಣಿಯ ಹಗ್ಗ ಕಡಿದು ಹೊಳೆಗೆ ಬಿಟ್ಟುಬಿಡುವುದು ಹಿಂದಿನವರ ರೂಢಿಯಾದರೂ ಅದು ಅರ್ಧ ಉಪಾಯವೇ. ಬಿಟ್ಟ ದೋಣಿ ಗಾಳಿ ಬೀಸಿದತ್ತ ತೇಲಿ ಬೆಂಗ್ರೆಯ ದಡದಲ್ಲಿ ನಿಂತ ದೋಣಿಗಳಿಗೂ ಬೆಂಕಿ ಹಚ್ಚೀತು. ಗಾಳಿ ಬರುವ ಕಡೆಯಿಂದ ಹತ್ತಿರ ಹೋಗಿ, ಸರಪಳಿ ಅಥವಾ ಉಕ್ಕಿನ ತಂತಿ ಸಿಕ್ಕಿಸಿ, ನಡುನೀರಿಗೆ ಎಳೆದು ಹಿಡಿದುಕೊಂಡಿರಬೇಕು. ಸಮುದ್ರದಲ್ಲಿರುವವರು ವಿ.ಎಚ್.ಎಫ್. ರೇಡಿಯೋದ ೧೬ನೆಯ ಚಾನಲಿನಲ್ಲಿ ಕೂಗಿದರೆ ಸುತ್ತಲಿನ ಹಡಗುಗಳಿಗೆಲ್ಲ ಕೇಳುತ್ತದೆ. ಕರಾವಳಿ ರಕ್ಷಣಾ ಪಡೆಯ ಟೆಲಿಫೋನು ಸಂಖ್ಯೆ ೧೫೫೪, ದಡದ ಅಗ್ನಿಶಾಮಕ ದಳದ್ದು ೧೦೧. ಕರೆ ಮಾಡಿದವರು ದೋಣಿಯ ಹೆಸರಿನ ಜೊತೆಗೆ ಅದು ಎಷ್ಟನೆಯ ಸಾಲಿನಲ್ಲಿದೆ, ಗಾಳಿ ಯಾವ ಕಡೆಗೆ, ಒಳಗೆ ಎಷ್ಟು ಡೀಸಲಿದೆ ಎಂಬುದನ್ನೂ ಹೇಳಿದರೆ ಬರುವವರಿಗೆ ನೀರು ತರುವುದೋ ನೊರೆ ತರುವುದೋ ಎಂಬುದು ಹಾದಿಯಲ್ಲೇ ಗೊತ್ತಾಗುತ್ತದೆ.